‘ದ್ವೀಪ’ದ ನಾಗಿಗೆ ಸಂದ ಪರಿಹಾರವೆಷ್ಟು?

ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ನಾನು ಮೂರು ಸಲ ನೋಡಿದ್ದೇನೆ. ಮೊದಲನೆಯ ಸಲ, ಅದು ತೆರೆಗೆ ಬಂದ 2002ರಲ್ಲಿ, ಶಿವಮೊಗ್ಗದಲ್ಲಿ ಬಿ.ಎಸ್ಸಿ. ಮುಗಿಸಿಕೊಂಡು ಕಂಡ ಕಂಡ ಕೆಲಸಕ್ಕೆಲ್ಲ ಅರ್ಜಿ ಹಾಕುತ್ತ ತಿರುಗುತ್ತಿದ್ದಾಗ. ಎರಡನೆಯ ಸಲ 2008ರ ಏಪ್ರಿಲ್ ತಿಂಗಳಲ್ಲಿ, ಇದೇ ಮದರಾಸಿನಲ್ಲಿ, ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು. ಮೂರನೆಯ ಸಲ 2025ರ ಜನವರಿಯಲ್ಲಿ, ಚಿತ್ರದ ಮೂಲ ಕಾದಂಬರಿಯ ಕರ್ತೃ ನಾ. ಡಿಸೋಜ ಅವರು ತೀರಿಕೊಂಡ ಸುದ್ದಿ ಬಂದ ವಾರ, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೂರು ಸಲವೂ ನನಗೆ ಕಂಡದ್ದು ಬೇರೆ ಬೇರೆ ಚಿತ್ರ. ಅದೇಕೆ ಹಾಗಾಯಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆಯುವ ಪ್ರಯತ್ನವೇ ಈ ಲೇಖನ. ನಾನು ವಿಮರ್ಶಕನಲ್ಲ, ರಸಾಯನಶಾಸ್ತ್ರ ಓದಿ ಗುಮಾಸ್ತನಾದವನು. ಕಡತ ಓದುವ ಅಭ್ಯಾಸ ಇದೆ. ಕಲೆಯನ್ನು ಓದುವಾಗಲೂ ಅದೇ ಅಭ್ಯಾಸ ಅಡ್ಡ ಬಂದರೆ ಓದುಗರು ಮನ್ನಿಸಬೇಕು.

ಚಿತ್ರ ನೋಡದವರಿಗಾಗಿ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಸೀತಾಪರ್ವತ ಎಂಬ ಗುಡ್ಡದ ಊರಿನವರು ಪರಿಹಾರದ ಹಣ ತೆಗೆದುಕೊಂಡು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ. ಉಳಿಯುವುದು ಒಂದೇ ಮನೆ: ಅಲ್ಲಿನ ದೈವದ ಪೂಜೆ, ನೇಮಗಳನ್ನು ನಡೆಸಿಕೊಂಡು ಬಂದ ಮುದುಕ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಹೊರಗೆ ಹೋದರೆ ಹೊಟ್ಟೆಗೆ ಏನಾದರೂ ಸಿಕ್ಕೀತು, ಆದರೆ ಈ ಗುಡ್ಡದ ಮೇಲೆ ತಮಗಿರುವ ಮರ್ಯಾದೆ ಅಲ್ಲಿ ಸಿಕ್ಕುವುದಿಲ್ಲ ಎಂಬುದು ಅವರ ಅಳುಕು. ಮಳೆಗಾಲ ಹಿಡಿಯುತ್ತದೆ, ಗುಡ್ಡ ದ್ವೀಪವಾಗುತ್ತದೆ, ದುಗ್ಗಜ್ಜ ಇಲ್ಲವಾಗುತ್ತಾನೆ. ನಾಗಿಯ ಕಡೆಯ ಪರಿಚಯದ ಹುಡುಗ ಕೃಷ್ಣ ನೆರವಿಗೆ ಬರುತ್ತಾನೆ; ಗಣಪನ ಮನಸ್ಸಿನಲ್ಲಿ ಸಂಶಯ ಮೊಳೆಯುತ್ತದೆ; ಕೃಷ್ಣ ಹೊರಟುಹೋಗುತ್ತಾನೆ. ಕಡೆಗೆ ಆ ನೀರಿನ ನಡುವೆ, ಆ ಕತ್ತಲಿನಲ್ಲಿ, ಹತ್ತಿರ ಸುಳಿಯುವ ಹುಲಿಯನ್ನು ಬೆಂಕಿ ಉರಿಸಿ ದೂರವಿಟ್ಟು ಮನೆ ಉಳಿಸುವವಳು ನಾಗಿ. ಬೆಳಗಾಗುತ್ತದೆ, ನೀರು ಇಳಿಯುವ ಸೂಚನೆ ಕಾಣುತ್ತದೆ. ಗಣಪ ಆ ಉಪಕಾರವನ್ನೆಲ್ಲ ದೇವರ ಲೆಕ್ಕಕ್ಕೆ ಬರೆದುಬಿಡುತ್ತಾನೆ. ನಾಗಿಯ ಹೆಸರು ಎಲ್ಲಿಯೂ ಬರುವುದಿಲ್ಲ.

ನಾಗಿಯ ಪಾತ್ರ ಮಾಡಿದವರು ಸೌಂದರ್ಯ. ನಮ್ಮ ನೆರೆಹೊರೆಯ ತಮಿಳರಿಗೆ ಅವರು ‘ಅರುಣಾಚಲಂ’, ‘ಪಡೆಯಪ್ಪ’ ಚಿತ್ರಗಳ ನಾಯಕಿ. ಈ ಚಿತ್ರದ ನಿರ್ಮಾಪಕಿಯೂ ಅವರೇ. ಚಿತ್ರಕ್ಕೆ ಸ್ವರ್ಣಕಮಲ ಬಂತು. 2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಳಿ ವಿಮಾನ ಬಿದ್ದು ಅವರು ತೀರಿಕೊಂಡಾಗ ಈ ಊರಿನಲ್ಲಿಯೂ ಜನ ಮರುಗಿದರು. ‘ಚೋಮನ ದುಡಿ’ಯ ಚೋಮನಾಗಿದ್ದ ಎಂ. ವಿ. ವಾಸುದೇವರಾಯರು ಇಲ್ಲಿ ದುಗ್ಗಜ್ಜ. ಭೂಮಿ ಸಿಕ್ಕದೆ ಹೋದ ಚೋಮನೂ ಭೂಮಿ ಬಿಡಲಾರದ ದುಗ್ಗಜ್ಜನೂ ಒಬ್ಬನೇ ನಟನ ಮುಖದಲ್ಲಿ ಕಂಡದ್ದು ನನಗೆ ಬಹಳ ದಿನ ಕಾಡಿದೆ. ಗಣಪನಾಗಿ ಅವಿನಾಶ್ ಅವರ ಅಭಿನಯದ ಬಗ್ಗೆ ಜನ ಅಷ್ಟಾಗಿ ಬರೆದಂತಿಲ್ಲ. ದುಷ್ಟನಲ್ಲದ, ಹೆಂಡತಿಯನ್ನು ಪ್ರೀತಿಸುವ, ಆದರೂ ಅವಳ ದುಡಿಮೆ ಕಣ್ಣಿಗೆ ಬೀಳದ ಗಂಡನ ಪಾತ್ರ ಮಾಡುವುದು ಖಳನ ಪಾತ್ರಕ್ಕಿಂತ ಕಷ್ಟ. ಎಚ್. ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಸಂದಿದೆ. ಆ ಮಳೆಯನ್ನು ಕಂಡರೆ ಮಲೆನಾಡಿನವರಿಗೆ ಒದ್ದೆ ಕಂಬಳಿಯ ವಾಸನೆ ಮೂಗಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಿಗೆ ನಾನೇನೂ ಹೇಳಬೇಕಾಗಿಲ್ಲ.

ಚಿತ್ರವನ್ನು ಕುರಿತು ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇದು ಮುಳುಗಡೆಯ ಕಥೆ ಎನ್ನುವವರು ಒಂದು ಕಡೆ; ಇದು ಹೆಣ್ಣಿನ ಕಥೆ, ಮುಳುಗಡೆ ಬರಿಯ ಹಿನ್ನೆಲೆ ಎನ್ನುವವರು ಇನ್ನೊಂದು ಕಡೆ. ಮೊದಲ ಸಲ ನೋಡಿದಾಗ ನಾನು ಮೊದಲನೆಯ ಗುಂಪಿನಲ್ಲಿದ್ದೆ. ಅದಕ್ಕೆ ಮನೆಯ ಕಾರಣವಿತ್ತು. ನಮ್ಮ ಅಜ್ಜನ ಊರು ಲಿಂಗನಮಕ್ಕಿಯ ನೀರಿನಡಿಯಲ್ಲಿದೆ.

ಶರಾವತಿಗೆ ಮೊದಲು ಕಟ್ಟಿದ್ದು ಹಿರೇಭಾಸ್ಕರ, ಅಂದರೆ ಮಡೆನೂರಿನ ಅಣೆಕಟ್ಟು. ಅದಾದ ಮೇಲೆ 1964ರಲ್ಲಿ ಲಿಂಗನಮಕ್ಕಿ ಎದ್ದಿತು. ಅದರ ಪೂರ್ಣ ಮಟ್ಟ 1,819 ಅಡಿ, ಸಾಮರ್ಥ್ಯ ಸುಮಾರು 151 ಟಿ.ಎಂ.ಸಿ. ಅಡಿ, ನೀರು ಹರಡುವ ವಿಸ್ತಾರ ಸುಮಾರು 300 ಚದರ ಕಿಲೋಮೀಟರು. ಹಳೆಯ ಅಣೆಕಟ್ಟು ಹೊಸದರ ಹೊಟ್ಟೆಯೊಳಗೇ ಮುಳುಗಿತು. ಬೇಸಿಗೆಯಲ್ಲಿ ನೀರಿಳಿದರೆ ಈಗಲೂ ತಲೆ ಎತ್ತುತ್ತದೆ. ಕೆಳಗಿನ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1,035 ಮೆಗಾವಾಟ್. ಆ ಕಾಲಕ್ಕೆ ನಾಡಿನ ಕಾರ್ಖಾನೆಗಳನ್ನು ಬಹುಮಟ್ಟಿಗೆ ಓಡಿಸಿದ ಬಲ ಅದು. ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ ತೋಟಗಳು ಅದಕ್ಕೆ ಬೆಲೆ ತೆತ್ತವು. ಅಜ್ಜನಿಗೆ ಗದ್ದೆಗೆ ಇಷ್ಟು, ಅಡಕೆ ಮರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಕೊಟ್ಟರಂತೆ. ಬ್ಯಾಣಕ್ಕೆ, ಸೊಪ್ಪಿನಬೆಟ್ಟಕ್ಕೆ, ವರ್ಷವೆಲ್ಲ ಹರಿಯುವ ಅಬ್ಬಿ ನೀರಿಗೆ ಆ ಲೆಕ್ಕದಲ್ಲಿ ಕಾಲಮ್ಮೇ ಇರಲಿಲ್ಲ. ಆಮೇಲೆ ಶಿವಮೊಗ್ಗ ತಾಲ್ಲೂಕಿನ ಕಾಡಿನಂಚಿನಲ್ಲಿ ತಂದು ಇಳಿಸಿದರು. ನಾನು ಹುಟ್ಟಿದ್ದು ಅಲ್ಲಿ. ಬೆಳಕಿಗಾಗಿ ಊರು ಕೊಟ್ಟ ನಮ್ಮ ಮನೆಗೆ ವಿದ್ಯುದ್ದೀಪ ಬಂದದ್ದು ನಾನು ಆರನೆಯ ತರಗತಿಯಲ್ಲಿದ್ದಾಗ.

ಆದ್ದರಿಂದ 2002ರಲ್ಲಿ ನಾನು ಆ ಚಿತ್ರವನ್ನು ನೋಡಿದ್ದು ಸಿಟ್ಟಿನಿಂದ. ನಾಗಿ ಗಣಪರ ಸಂಸಾರ, ಕೃಷ್ಣನ ಮೇಲಿನ ಸಂಶಯ ಇದೆಲ್ಲ ಅನಗತ್ಯ, ಸರ್ಕಾರವನ್ನು ಸರಿಯಾಗಿ ಬೈದಿಲ್ಲ ಎಂದು ಗೆಳೆಯರೊಡನೆ ವಾದ ಮಾಡಿದ್ದೆ.

ಈಗ ಹಾಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣವಾದದ್ದು ಒಂದು ಕಾಗದ, ಮತ್ತು ಒಬ್ಬ ಸಹೋದ್ಯೋಗಿಯ ಹಲ್ಲು.

ಕಾಗದ ಎಂದರೆ ವಿಶ್ವಸಂಸ್ಥೆಯ ಮಹಾಸಭೆ 1986ರ ಡಿಸೆಂಬರ್ 4ರಂದು ಅಂಗೀಕರಿಸಿದ ಅಭಿವೃದ್ಧಿಯ ಹಕ್ಕಿನ ಘೋಷಣೆ. ಬಡ್ತಿ ಪರೀಕ್ಷೆಗೆ ಸಾಮಾನ್ಯ ಜ್ಞಾನ ಓದುತ್ತಿದ್ದಾಗ ಅದು ಕೈಗೆ ಸಿಕ್ಕಿತು. ಅಂಕದ ಆಸೆಯಿಂದ ಓದಲು ಕುಳಿತವನು ಎರಡನೆಯ ವಿಧಿಗೆ ಬರುವಷ್ಟರಲ್ಲಿ ಪರೀಕ್ಷೆಯನ್ನು ಮರೆತೆ. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟು: ಅಭಿವೃದ್ಧಿ ಎಂಬುದು ಸರ್ಕಾರ ಜನರಿಗೆ ಮಾಡುವ ದಾನವಲ್ಲ, ಅದು ಪ್ರತಿ ಮನುಷ್ಯನ ಹಕ್ಕು. ಅದರ ನಡುಮಧ್ಯದಲ್ಲಿ ಇರಬೇಕಾದವನು ಮನುಷ್ಯ. ಅವನು ಅದರಲ್ಲಿ ಪಾಲ್ಗೊಳ್ಳಬೇಕು, ಅದಕ್ಕೆ ತನ್ನ ಕೊಡುಗೆ ಕೊಡಬೇಕು, ಅದರ ಫಲವನ್ನು ಉಣ್ಣಬೇಕು. ಇದು ಒಂದೊಂದು ದೇಶದಿಂದ ಆಗುವ ಕೆಲಸವಲ್ಲವಾದ್ದರಿಂದ ದೇಶಗಳು ಪರಸ್ಪರ ಸಹಕರಿಸುವುದು ಅವುಗಳ ಕರ್ತವ್ಯ. ಸೆನೆಗಲ್ ದೇಶದ ನ್ಯಾಯಾಧೀಶ ಕೆಬಾ ಎಂಬಾಯ್ ಎಂಬುವರು 1972ರಲ್ಲಿಯೇ ಈ ವಿಚಾರವನ್ನು ಎತ್ತಿದ್ದರು. ಅದು ಘೋಷಣೆಯಾಗಲು ಹದಿನಾಲ್ಕು ವರ್ಷ ಹಿಡಿಯಿತು. 146 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಅದರಲ್ಲಿತ್ತು. ವಿರುದ್ಧ ಮತ ಒಂದೇ, ಅಮೆರಿಕ. ಎಂಟು ದೇಶಗಳು ತಟಸ್ಥವಾಗಿ ಉಳಿದವು. ಅವುಗಳಲ್ಲಿ ಜಪಾನ್ ಒಂದು. ಈ ಎರಡು ಹೆಸರುಗಳನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬರುತ್ತವೆ. ಮುಂದೆ ಈ ಹಕ್ಕನ್ನು ಅಧ್ಯಯನ ಮಾಡಲು ವಿಶ್ವಸಂಸ್ಥೆ ನೇಮಿಸಿದ ಸ್ವತಂತ್ರ ತಜ್ಞರು ನಮ್ಮವರೇ, ಅರ್ಥಶಾಸ್ತ್ರಜ್ಞ ಅರ್ಜುನ್ ಸೆನ್‌ಗುಪ್ತ.

ಪಾಲ್ಗೊಳ್ಳುವುದು, ಕೊಡುವುದು, ಉಣ್ಣುವುದು: ಈ ಮೂರನ್ನು ಕೈಯಲ್ಲಿ ಹಿಡಿದು ‘ದ್ವೀಪ’ವನ್ನು ನೋಡಿರಿ. ದುಗ್ಗಜ್ಜನನ್ನು ಯಾರೂ ಏನೂ ಕೇಳುವುದಿಲ್ಲ. ತೀರ್ಮಾನವಾದ ಮೇಲೆ ತಿಳಿಸುತ್ತಾರೆ. ಉಣ್ಣುವ ಮಾತಂತೂ ದೂರ. ಅವನ ಪಾಲಿಗೆ ಬಂದದ್ದು ನಡುವಿನ ಕ್ರಿಯೆಯೊಂದೇ, ಕೊಡುವುದು. ಕೊಟ್ಟದ್ದಕ್ಕೂ ಕೊಡುಗೆ ಎಂಬ ಹೆಸರಿಲ್ಲ, ಅದಕ್ಕೆ ಭೂಸ್ವಾಧೀನ ಎಂದು ಹೆಸರು. ಸ್ವಾಧೀನ ಮಾಡಿಕೊಂಡವನಿಗೆ ಕರ್ತೃತ್ವ. ಕೊಟ್ಟವನು ಬರಿಯ ಸಂತ್ರಸ್ತ. ಹೀಗೆ ಕ್ರಿಯಾಪದವೇ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಬಿಡುತ್ತದೆ. ಮುವ್ವತ್ತು ಅಡಕೆ ಮರ ಎಂದು ಬರೆದ ಗುಮಾಸ್ತ ಸುಳ್ಳು ಬರೆದಿಲ್ಲ. ಆದರೆ ಅವನ ನಮೂನೆಯಲ್ಲಿ ಇರುವಷ್ಟೇ ಮನೆಗಳಲ್ಲಿ ಅವನು ತುಂಬಬಲ್ಲ. ನಾನೂ ಅದೇ ಕೆಲಸದಲ್ಲಿರುವವನು. ಕಾಲಮ್ಮು ಇಲ್ಲದ್ದು ಕಡತಕ್ಕೆ ಬರುವುದಿಲ್ಲ, ಕಡತಕ್ಕೆ ಬಾರದ್ದು ಇಲ್ಲವೆಂದೇ ಲೆಕ್ಕ, ಇದು ನನಗೆ ಚೆನ್ನಾಗಿ ಗೊತ್ತು.

ಈಗ ಚಿತ್ರದ ಕಡೆಯ ಭಾಗಕ್ಕೆ ಬನ್ನಿ. ಸರ್ಕಾರವೂ ಇಲ್ಲ, ಅಧಿಕಾರಿಯೂ ಇಲ್ಲ, ಸುತ್ತ ನೀರು. ಉಳಿದಿರುವುದು ಗಂಡ ಹೆಂಡತಿ ಇಬ್ಬರೇ. ಅಲ್ಲಿಯೂ ಅದೇ ನಡೆಯುತ್ತದೆ! ನಾಗಿಯನ್ನು ಕೇಳುವವರಿಲ್ಲ, ಅವಳು ಕೊಡುತ್ತಾಳೆ, ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಂಕಿ ಕಾಯುತ್ತಾಳೆ, ಬೆಳಗ್ಗೆ ಅದರ ಕರ್ತೃತ್ವ ದೇವರಿಗೆ ಸಲ್ಲುತ್ತದೆ. ನಾಡು ದುಗ್ಗಜ್ಜನ ಮನೆಗೆ ಏನು ಮಾಡಿತೋ ಅದನ್ನೇ ಗಣಪ ನಾಗಿಗೆ ಮಾಡುತ್ತಾನೆ. ಲೆಕ್ಕಕ್ಕೆ ಬಾರದ ನೋವು ಎಂಥದು ಎಂದು ಬಲ್ಲವನೇ ಇನ್ನೊಬ್ಬರನ್ನು ಲೆಕ್ಕದಿಂದ ಬಿಡುತ್ತಾನೆ. ಹಾಗಾದರೆ ಇದು ಮುಳುಗಡೆಯ ಕಥೆಯೋ ಹೆಣ್ಣಿನ ಕಥೆಯೋ ಎಂಬ ಜಗಳವೇ ಉಳಿಯುವುದಿಲ್ಲ. ಕಾಸರವಳ್ಳಿಯವರು ಒಂದೇ ಅನ್ಯಾಯವನ್ನು ಎರಡು ಅಳತೆಯಲ್ಲಿ, ನಾಡಿನ ಅಳತೆಯಲ್ಲಿ ಒಮ್ಮೆ, ಅಡುಗೆಮನೆಯ ಅಳತೆಯಲ್ಲಿ ಒಮ್ಮೆ ತೋರಿಸಿದ್ದಾರೆ. ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅನಗತ್ಯವೆಂದು ತಳ್ಳಿಹಾಕಿದ ಸಂಸಾರದ ಭಾಗವೇ ಚಿತ್ರದ ಬೆನ್ನೆಲುಬು. ನಮ್ಮ ಅಮ್ಮ ಕಾಡಿನಂಚಿನ ಆ ಹೊಸ ಜಾಗದಲ್ಲಿ ಮೈಲಿ ದೂರದಿಂದ ನೀರು ಹೊತ್ತದ್ದನ್ನು ನಮ್ಮ ಮನೆಯ ಗಂಡಸರು ಮುಳುಗಡೆಯ ಕಥೆ ಹೇಳುವಾಗ ಒಮ್ಮೆಯೂ ಸೇರಿಸಿದ್ದಿಲ್ಲ. ನಾನೂ ಸೇರಿಸಿದ್ದಿಲ್ಲ.

ಇನ್ನು ಹಲ್ಲಿನ ವಿಷಯ. 2008ರ ಏಪ್ರಿಲ್ ಎಂದರೆ ಹಳಬರಿಗೆ ಹೊಗೇನಕಲ್ ಗಲಾಟೆ ನೆನಪಿಗೆ ಬಂದೀತು. ತಮಿಳುನಾಡು ಸರ್ಕಾರ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಹೊಗೇನಕಲ್ಲಿನಿಂದ ಕಾವೇರಿಯ ಕುಡಿಯುವ ನೀರು ಕೊಂಡೊಯ್ಯಲು ಹೊರಟಿತ್ತು, ವರ್ಷಕ್ಕೆ 1.4 ಟಿ.ಎಂ.ಸಿ. ಅಡಿ. ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರು ಅಡಿಗಲ್ಲು ಹಾಕಿದರು. ಕರ್ನಾಟಕದಲ್ಲಿ ಚುನಾವಣೆಯ ಹೊತ್ತು. ಪ್ರತಿಭಟನೆ ಎದ್ದಿತು, ಬೆಂಗಳೂರಿನಲ್ಲಿ ತಮಿಳು ಚಿತ್ರಮಂದಿರಗಳ ಮೇಲೆ ದಾಳಿಯಾಯಿತು, ಇಲ್ಲಿ ಚಿತ್ರನಟರು ಚೇಪಾಕಿನಲ್ಲಿ ಉಪವಾಸ ಕುಳಿತರು. ನಮ್ಮ ಬೀದಿ ಕೊನೆಯ ಉಡುಪಿ ಹೋಟೆಲಿನ ಮುಂದೆ ಪೊಲೀಸರು ನಿಂತಿದ್ದರು. ಬಸ್ಸಿನಲ್ಲಿ ಫೋನ್ ಬಂದರೆ ಕನ್ನಡದಲ್ಲಿ ಮಾತಾಡಲು ಅಂಜಿಕೆ. ಆ ಶನಿವಾರ ಭಾನುವಾರ ಹೊರಗೆ ಹೋಗುವುದು ಬೇಡವೆಂದು ಮನೆಯಲ್ಲಿ ಕುಳಿತು ನೋಡಿದ್ದೇ ‘ದ್ವೀಪ’ದ ಎರಡನೆಯ ಪ್ರದರ್ಶನ.

ಅದಕ್ಕೆ ಎರಡು ದಿನ ಮೊದಲು ಕಚೇರಿಯಲ್ಲಿ ಒಂದು ಮಾತು ನಡೆದಿತ್ತು. ನನ್ನ ಪಕ್ಕದ ಮೇಜಿನವರು ಪೆನ್ನಾಗರಂ ಕಡೆಯವರು. ನನಗಿಂತ ಹಿರಿಯರು, ಸಾಧು ಮನುಷ್ಯರು. ನಕ್ಕರೆ ಹಲ್ಲೆಲ್ಲ ಕಂದು ಪಟ್ಟೆ. ನಾನು ಅದನ್ನು ವೀಳ್ಯದೆಲೆಯ ಕರೆ ಎಂದು ತಿಳಿದಿದ್ದೆ. ಊಟದ ಡಬ್ಬಿ ಮುಚ್ಚುತ್ತ ಅವರು ಕೇಳಿದರು: “ತಪ್ಪು ತಿಳೀಬೇಡಿ ಸಾರ್. ಈ ಹಲ್ಲು ನೋಡಿ. ನಮ್ಮೂರಲ್ಲಿ ಮಕ್ಕಳಿಗೆಲ್ಲ ಹೀಗೇ. ನಮ್ಮ ಅಪ್ಪನಿಗೆ ಮಂಡಿ ಮಡಿಸೋಕೆ ಆಗ್ತಿರ್ಲಿಲ್ಲ. ಕುಡಿಯೋ ನೀರಿಗೂ ನಿಮ್ಮ ಜನ ಯಾಕೆ ಬೇಡ ಅಂತಾರೆ?”

ಬಿ.ಎಸ್ಸಿ. ಓದಿದವನಿಗೆ ನಾಚಿಕೆಯಾಗಬೇಕಾದ ಪ್ರಶ್ನೆ ಅದು. ಆ ಸೀಮೆಯ ಗಟ್ಟಿ ಕಲ್ಲಿನಲ್ಲಿರುವ ಫ್ಲೋರೈಡ್ ಅಂತರ್ಜಲದಲ್ಲಿ ಕರಗಿ ಬರುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ನೀರಿಗೂ ಕಲ್ಲಿಗೂ ಸಹವಾಸ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿಗೆ ಕಲೆ, ಇನ್ನೂ ಹೆಚ್ಚಾದರೆ ಮೂಳೆಗೆ ಕೇಡು. ಕುದಿಸಿದರೆ ಹೋಗುವ ವಿಷವಲ್ಲ ಇದು, ಕುದಿಸಿದಷ್ಟೂ ನೀರು ಆವಿಯಾಗಿ ಉಳಿದದ್ದು ಗಾಢವಾಗುತ್ತದೆ. ನದಿಯ ನೀರು ತರುವುದೇ ನೆಟ್ಟಗಿನ ದಾರಿ. ಇದೆಲ್ಲ ಗೊತ್ತಿದ್ದೂ ನಾನು ಅವರಿಗೆ ಕೊಟ್ಟ ಉತ್ತರ ಟಿ.ಎಂ.ಸಿ. ಲೆಕ್ಕ, ಗಡಿಯ ಲೆಕ್ಕ, ನ್ಯಾಯಮಂಡಳಿಯ ಲೆಕ್ಕ. ಅವರು ಹಲ್ಲು ತೋರಿಸಿದರು, ನಾನು ನಕಾಶೆ ತೋರಿಸಿದೆ. ಅವರು ಮತ್ತೇನೂ ಹೇಳದೆ ಡಬ್ಬಿ ತೊಳೆಯಲು ಎದ್ದುಹೋದರು.

ಆ ವಾರ ಚಿತ್ರದ ಕಡೆಯ ದೃಶ್ಯ ಬಂದಾಗ ನನಗೆ ಗಣಪನ ಮೇಲೆ ಸಿಟ್ಟು ಬರಲಿಲ್ಲ, ಗುರುತು ಸಿಕ್ಕಿತು. ಮುಳುಗಡೆಯ ಮನೆಯಲ್ಲಿ ಹುಟ್ಟಿದವನು ಇನ್ನೊಬ್ಬರ ನೋವನ್ನು ರಾಜ್ಯದ ಖಾತೆಗೆ ಬರೆದು ಮುಗಿಸಿದ್ದೆ. ವಿಶ್ವಸಂಸ್ಥೆಯ ಘೋಷಣೆಯಲ್ಲಿರುವ ಒಂದು ತೊಡಕೂ ಆಗ ಹೊಳೆಯಿತು. ಅದು ಹಕ್ಕನ್ನು ಮನುಷ್ಯನಿಗೂ ಕೊಡುತ್ತದೆ, ಇಡೀ ಜನತೆಗೂ ಕೊಡುತ್ತದೆ. ಜನತೆಯ ಪರವಾಗಿ ಮಾತಾಡುವುದು ಸರ್ಕಾರ. ಆದ್ದರಿಂದ ನಮ್ಮ ನಾಡಿನ ಅಭಿವೃದ್ಧಿಯ ಹಕ್ಕು ಎಂದು ಸರ್ಕಾರ ಎದ್ದು ನಿಂತಾಗ ದುಗ್ಗಜ್ಜನೂ ಆ ನಾಡಿನೊಳಗೇ ಸೇರಿಹೋಗುತ್ತಾನೆ. ಅವನ ದನಿ ಬೇರೆಯಾಗಿ ಕೇಳುವುದಿಲ್ಲ. ಹಕ್ಕು ಇರುವುದು ಇಬ್ಬರಿಗೆ, ಬಾಯಿ ಇರುವುದು ಒಬ್ಬರಿಗೆ. ಘೋಷಣೆ ಬರೆದವರು ಇದನ್ನು ಬಿಡಿಸಿ ಹೇಳಬೇಕಾಗಿತ್ತು ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಬಿಡಿಸಿ ಹೇಳಿದ್ದರೆ 146 ಮತ ಬೀಳುತ್ತಿದ್ದವೋ ಇಲ್ಲವೋ ಬೇರೆ ಮಾತು.

ಅಂತಾರಾಷ್ಟ್ರೀಯ ಸಹಕಾರದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹೊಗೇನಕಲ್ ಯೋಜನೆಗೆ 2008ರಲ್ಲಿ ಸಾಲ ಕೊಟ್ಟದ್ದು ಜಪಾನ್ ಅಂತಾರಾಷ್ಟ್ರೀಯ ಸಹಕಾರ ಬ್ಯಾಂಕು, ಹೆಸರಿನಲ್ಲೇ ಸಹಕಾರವಿದೆ. ಬೆಂಗಳೂರಿಗೆ ಕಾವೇರಿ ನೀರು ತರುವ ನಾಲ್ಕನೆಯ ಹಂತಕ್ಕೂ ಸಾಲ ಬಂದದ್ದು ಅದೇ ಜಪಾನಿನಿಂದ. ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಅದಕ್ಕೂ ಜಪಾನ್. ಒಂದೇ ನದಿ, ಒಂದೇ ಸಾಲಗಾರ, ಇತ್ತ ಧರ್ಮಪುರಿಯ ಕೊಡ, ಅತ್ತ ಬೆಂಗಳೂರಿನ ನಲ್ಲಿ. ಎರಡು ರಾಜ್ಯಗಳೂ 1998ರಲ್ಲಿಯೇ ಕೇಂದ್ರದ ಮುಂದೆ ಕುಳಿತು ಒಬ್ಬರ ಕುಡಿಯುವ ನೀರಿನ ಯೋಜನೆಗೆ ಇನ್ನೊಬ್ಬರು ಒಪ್ಪಿದ್ದವು. ಟೋಕಿಯೋದವರಿಗೆ ಎರಡೂ ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಯಿತು, ನಮಗೆ ಆಗಲಿಲ್ಲ. ಹಾಗೆಂದು ಜಪಾನನ್ನು ಹೊಗಳಬೇಕೆಂದಿಲ್ಲ. 1986ರಲ್ಲಿ ಅಭಿವೃದ್ಧಿ ಹಕ್ಕು ಹೌದೋ ಅಲ್ಲವೋ ಎಂದು ಕೇಳಿದಾಗ ಕೈ ಎತ್ತದೆ ಕುಳಿತವರು ಅವರೇ. ಸಾಲ ಕೊಡುತ್ತೇವೆ, ಹಕ್ಕು ಎನ್ನಬೇಡಿ ಎಂಬ ಧೋರಣೆ. ಶರಾವತಿ ಯೋಜನೆಗೂ ಅಮೆರಿಕದ ಸಾಲದ ನೆರವಿತ್ತು. ಅಭಿವೃದ್ಧಿಯ ಹಕ್ಕಿಗೆ ಒಂಟಿಯಾಗಿ ವಿರೋಧ ಮತ ಹಾಕಿದ ದೇಶವೂ ಅದೇ. ಯಂತ್ರಕ್ಕೆ ಹಣ ಹೊಂದಿಸುವುದು ಸುಲಭ. ಯಂತ್ರಕ್ಕಾಗಿ ಊರು ಬಿಟ್ಟವನು ಈಗ ಎಲ್ಲಿದ್ದಾನೆ ಎಂದು ಕೇಳುವ ಷರತ್ತನ್ನು ಹಣದೊಂದಿಗೆ ಕಟ್ಟುವ ಅಭ್ಯಾಸ ಆ ಕಾಲದಲ್ಲಿ ಕೊಟ್ಟವರಿಗೂ ಇರಲಿಲ್ಲ, ಪಡೆದವರಿಗೂ ಇರಲಿಲ್ಲ. ಅದು ಬಂದದ್ದು ಬಹಳ ತಡವಾಗಿ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಪುನರ್ವಸತಿ ಸರಿಯಾಗಲಿಲ್ಲವೆಂದು ವಿಶ್ವಬ್ಯಾಂಕು ತೊಂಬತ್ತರ ದಶಕದಲ್ಲಿ ಸಾಲದ ಕಂತು ತಡೆಹಿಡಿದದ್ದು ನಮ್ಮ ನಾಡಿನಲ್ಲಿ ಅದರ ಉದಾಹರಣೆ.

ಹೊಗೇನಕಲ್ ಕೆಲಸ ಆ ಏಪ್ರಿಲ್‌ನಲ್ಲಿ ನಿಂತು, ಮತ್ತೆ ನಡೆದು, 2013ರಲ್ಲಿ ಮುಗಿಯಿತು. ಕೃಷ್ಣಗಿರಿ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಕಡೆ ಎಷ್ಟು ಕನ್ನಡ ಮನೆಗಳಿವೆ ಎಂಬುದು ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಾವು ಬೇಡವೆಂದು ಕೂಗಿದ ನೀರು ನಮ್ಮವರ ಜಿಲ್ಲೆಗೂ ಹೋಗುವ ನೀರು. ಮದರಾಸಿಗೂ 2004ರಿಂದ ವೀರಾಣಂ ಕೆರೆಯ ಮೂಲಕ ಕಾವೇರಿ ಬರುತ್ತಿದೆ. ನಮ್ಮ ಕೊಡದಲ್ಲಿ ಕೊಡಗಿನ ಮಳೆಯೂ ಇದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಚಿತ್ರದಲ್ಲಿ ನನಗೆ ಎರಡು ಕೊರತೆ ಕಾಣುತ್ತವೆ. ಒಂದು, ಅಣೆಕಟ್ಟಿನ ಆಚೆಯ ಬದಿ ಇದರಲ್ಲಿ ಇಲ್ಲವೇ ಇಲ್ಲ. ಆ ವಿದ್ಯುತ್ತಿನಿಂದ ಎಲ್ಲೋ ಒಂದು ಹುಡುಗಿ ರಾತ್ರಿ ಓದಿದಳು, ಎಲ್ಲೋ ಒಂದು ಕಾರ್ಖಾನೆಯಲ್ಲಿ ಸಾವಿರ ಜನಕ್ಕೆ ಅನ್ನ ಸಿಕ್ಕಿತು. ಅವರ ಹಕ್ಕೂ ಹಕ್ಕೇ. ಚಿತ್ರದಲ್ಲಿ ನೀರು ಸುಮ್ಮನೆ ಏರುತ್ತದೆ, ಪ್ರಳಯದ ಹಾಗೆ. ಏಕೆ ಏರುತ್ತಿದೆ, ಯಾರಿಗಾಗಿ ಏರುತ್ತಿದೆ ಎಂಬುದು ತೆರೆಯ ಮೇಲೆ ಒಂದು ದೀಪದಷ್ಟಾದರೂ ಕಾಣಿಸಿದ್ದರೆ ನಮ್ಮ ಧರ್ಮಸಂಕಟ ಇನ್ನೂ ಬಿಗಿಯಾಗುತ್ತಿತ್ತು. ನೋಡುವವರು ಬರಿಯ ಕನಿಕರಪಟ್ಟು ಎದ್ದುಹೋಗಲು ಆಗುತ್ತಿರಲಿಲ್ಲ. ಎರಡು, ಅಧಿಕಾರಿಗಳು. ‘ತಬರನ ಕಥೆ’ಯಲ್ಲಿ ಇದೇ ನಿರ್ದೇಶಕರು ಕಚೇರಿಯ ಒಂದೊಂದು ಮೇಜಿಗೂ ಒಂದೊಂದು ಮುಖ ಕೊಟ್ಟಿದ್ದರು, ನಮ್ಮೂರಿನ ಚಾರುಹಾಸನ್ ಅವರು ತಬರನಾಗಿ ಆ ಮೇಜುಗಳ ನಡುವೆ ಅಲೆದದ್ದನ್ನು ಯಾವ ಗುಮಾಸ್ತನೂ ಮರೆಯಲಾರ. ‘ದ್ವೀಪ’ದ ಅಧಿಕಾರಿಗಳಿಗೆ ಅಂಥ ಮುಖಗಳಿಲ್ಲ.

ಈ ಎರಡನೆಯ ಕೊರತೆ ನನಗೆ ಹೆಚ್ಚು ಚುಚ್ಚುವುದಕ್ಕೆ ಇನ್ನೊಂದು ಕಾರಣ ಡಿಸೋಜ ಅವರೇ. ಸಾಗರದಲ್ಲಿ ಹುಟ್ಟಿದ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಗುಮಾಸ್ತರಾಗಿ, ಬೆರಳಚ್ಚುಗಾರರಾಗಿ ದುಡಿದವರು. ಶರಾವತಿ ಯೋಜನೆಯ ಕಾರ್ಗಲ್ಲಿನಲ್ಲಿಯೂ ಕೆಲಸ ಮಾಡಿದವರು. ಹಗಲು ಅಣೆಕಟ್ಟು ಕಟ್ಟುವವರ ಕಾಗದ ಬೆರಳಚ್ಚು ಮಾಡಿ, ರಾತ್ರಿ ಮುಳುಗುವವರ ಕಥೆ ಬರೆದ ಮನುಷ್ಯ. ‘ಮುಳುಗಡೆ’, ‘ದ್ವೀಪ’, ‘ಒಡ್ಡು’, ಮಕ್ಕಳಿಗಾಗಿ ‘ಮುಳುಗಡೆಯ ಊರಿಗೆ ಬಂದವರು’. ಕಡೆಯದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕಡತದ ಎರಡೂ ಬದಿ ಬಲ್ಲ ಇಂಥವರು ಕನ್ನಡದಲ್ಲಿ ಹೆಚ್ಚು ಜನ ಇಲ್ಲ. ನಮ್ಮ ಪೈಕಿಯವರೊಬ್ಬರು ಇಷ್ಟು ಬರೆದರಲ್ಲ ಎಂದು ನನಗೆ ಒಳಗೊಳಗೇ ಜಂಬ. ಚಿತ್ರದ ಸಿ.ಡಿ. ಸಿಕ್ಕದವರು ಕಾದಂಬರಿಯನ್ನಾದರೂ ಓದಬೇಕು. ಸಂಘದ ಗ್ರಂಥಾಲಯಕ್ಕೆ ತರಿಸುವಂತೆ ಕಾರ್ಯದರ್ಶಿಗಳಲ್ಲಿ ಕೇಳಿಕೊಂಡಿದ್ದೇನೆ. ಕನ್ನಡ ಓದಲಾರದ ಮಕ್ಕಳಿಗಾಗಿ ಇಂಗ್ಲಿಷ್ ಅನುವಾದವೂ ಇದೆ.

ಮೂರನೆಯ ಸಲ ನೋಡುವಾಗ ಮಗಳು ನಡುವೆ ಚಿತ್ರ ನಿಲ್ಲಿಸಿ, “ಅಪ್ಪ, ಆಮೇಲೆ ಅವರಿಗೆ ಬೇರೆ ಮನೆ ಸಿಕ್ತಾ?” ಎಂದು ಕೇಳಿದಳು. ಚಿತ್ರ ಅದನ್ನು ಹೇಳುವುದಿಲ್ಲ, ನಾನು ಹೇಳಬೇಕಾಯಿತು. ನಮ್ಮ ಅಜ್ಜನನ್ನು ಕೂರಿಸಿದ ಜಾಗ ಕಾಗದದಲ್ಲಿ ಇನ್ನೂ ಕಾಡು. ಮುಳುಗಡೆಯವರಿಗೆ ಕೊಟ್ಟ ಅರಣ್ಯಭೂಮಿಯನ್ನು ರಾಜ್ಯ ಸರ್ಕಾರ ಕಾಡಿನ ಪಟ್ಟಿಯಿಂದ ಬಿಡಿಸಿ ಹೊರಡಿಸಿದ ಆದೇಶಗಳನ್ನು, ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು 2021ರಲ್ಲಿ ಹೈಕೋರ್ಟು ರದ್ದು ಮಾಡಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಸರ್ಕಾರದ ಲಾರಿಯಲ್ಲಿ ಬಂದು ಇಳಿದವರು ಅರವತ್ತು ವರ್ಷದ ಮೇಲೆ ಒತ್ತುವರಿದಾರರಾಗಿ ನಿಂತಿದ್ದಾರೆ. ಚಿಕ್ಕಪ್ಪನ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ, ಸೂಕ್ತ ಕ್ರಮಕ್ಕಾಗಿ ಎಂಬ ಷರಾ ಹೊತ್ತು ಮೊದಲಿನ ಕಚೇರಿಗೇ ಮರಳಿದೆ. ಆ ಷರಾವನ್ನು ನಾನೂ ದಿನಕ್ಕೆ ಹತ್ತು ಸಲ ಬರೆಯುತ್ತೇನೆ. ಇತ್ತ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಅದೇ ಕಣಿವೆಯಲ್ಲಿ ವಿರೋಧ ಎದ್ದಿದೆ. ಈ ಸಲವಾದರೂ ಜನ ಮೊದಲೇ ಬಾಯಿ ಬಿಟ್ಟು ಕೇಳುತ್ತಿದ್ದಾರೆ ಎಂಬುದು ಅಜ್ಜನ ಕಾಲಕ್ಕೂ ಈಗಿಗೂ ಇರುವ ವ್ಯತ್ಯಾಸ.

2025ರ ಜುಲೈ 14ರಂದು ಸಿಗಂದೂರಿನ ಹಿನ್ನೀರಿಗೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಉದ್ದ, ತಂತಿಗಳಿಂದ ತೂಗುವ ಚೆಂದದ ಸೇತುವೆ. ಅಣೆಕಟ್ಟು ಆದಂದಿನಿಂದ ಆಚೆ ದಡದವರು ಬಾಣಂತಿಯಾಗಲಿ, ಹಾವು ಕಚ್ಚಿದವನಾಗಲಿ ಲಾಂಚು ಕಾಯುತ್ತ ಕೂರಬೇಕಾಗಿತ್ತು. ಆಮೇಲೆ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಂದು ಬಾಡಿಗೆ ಕಾರಿನಲ್ಲಿ ಅಲ್ಲಿಗೆ ಹೋದೆವು. ಸೇತುವೆಯ ಮೇಲೆ ಜನಜಾತ್ರೆ, ಎಲ್ಲರ ಕೈಯಲ್ಲೂ ಫೋನು. ಚಿಕ್ಕಪ್ಪ ಕಂಬಿ ಹಿಡಿದು ನೀರಿನ ಕಡೆ ಕೈ ತೋರಿಸಿ, ನಮ್ಮ ಊರು ಇದ್ದದ್ದು ಆ ಗುಡ್ಡದ ಎಡಕ್ಕೆ, ತೋಟ ಇಷ್ಟು, ಗದ್ದೆ ಇಷ್ಟು, ಅಪ್ಪ ಸಹಿ ಹಾಕಿದ ದಿನ ಊಟ ಮಾಡಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದರು. ಅಮ್ಮ ಸ್ವಲ್ಪ ದೂರದಲ್ಲಿ ನಿಂತಿದ್ದಳು. ಮಗಳು ಅವಳ ಹತ್ತಿರ ಹೋಗಿ, “ಅಜ್ಜಿ, ಹೊಸ ಜಾಗಕ್ಕೆ ಹೋದ ಮೇಲೆ ನೀರು ಎಲ್ಲಿಂದ ತರ್ತಿದ್ರಿ?” ಎಂದು ಕೇಳಿದಳು. ಅಮ್ಮ ಮೊದಲು ನಕ್ಕಳು, ಆಮೇಲೆ ಹೇಳತೊಡಗಿದಳು. ಕಾರಿನವನು ಹಾರ್ನ್ ಮಾಡುವವರೆಗೂ ಹೇಳುತ್ತಲೇ ಇದ್ದಳು.